ಗುಜರಿಗೆ ಹಾಕುವ ಮುನ್ನ ಜಾಕ್ ಹಾಕಿ

ವಾರಾಣಸಿಯ ಘಾಟುಗಳ ಉದ್ದಕ್ಕೂ ಯಾತ್ರಿಕರನ್ನು ಕೂರಿಸಿಕೊಂಡು ಓಡಾಡುವ ಮೋಟಾರು ದೋಣಿಗಳು ಬಹುಕಾಲ ಡೀಸೆಲ್ ಹೊಗೆ ಕಾರುತ್ತಿದ್ದವು. ಕಾಶಿಗೆ ಹೋಗಿಬಂದ ಕನ್ನಡಿಗರಿಗೂ ಆ ಹೊಗೆಯ ಪರಿಚಯವಿದೆ. 2021ರಲ್ಲಿ ನಗರದ ಸ್ಮಾರ್ಟ್ ಸಿಟಿ ಯೋಜನೆಯೂ ಗೇಲ್ ಕಂಪನಿಯೂ ಸೇರಿ ಈ ದೋಣಿಗಳನ್ನು ಸಿಎನ್‌ಜಿಗೆ ಬದಲಿಸುವ ಕೆಲಸ ಹಿಡಿದವು. ಈಗ ನಮೋ ಘಾಟ್ ಎಂದು ಕರೆಸಿಕೊಳ್ಳುವ ಖಿಡಕಿಯಾ ಘಾಟಿನಲ್ಲಿ ನೀರಿನ ಮೇಲೆ ತೇಲುವ ಸಿಎನ್‌ಜಿ ಬಂಕೂ ಬಂತು. ಹೊಗೆ ಬರುತ್ತಿದ್ದದ್ದು ಎಂಜಿನ್ನಿನಿಂದಲೇ ಹೊರತು ದೋಣಿಯ ಒಡಲಿನಿಂದಲ್ಲ. ಆದ್ದರಿಂದ ಕೈ ಹಾಕಿದ್ದೂ ಎಂಜಿನ್ನಿಗೇ. ಘಾಟಿನ ಮೆಟ್ಟಿಲು ಹತ್ತಿ ರಸ್ತೆಗೆ ಬಂದೊಡನೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಗಾಡಿಯ ಯಾವ ಭಾಗ ಕೆಟ್ಟಿದೆ ಎಂಬುದಕ್ಕಿಂತ ಗಾಡಿಗೆ ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ ಮೊದಲು ಬರುತ್ತದೆ. ಹಳೆಯ ವಾಹನದ ವಿಚಾರದಲ್ಲಿ ಈ ವಯಸ್ಸಿನ ಪ್ರಶ್ನೆ ದಾರಿ ತಪ್ಪಿಸುತ್ತದೆ, ಕೆಟ್ಟ ಭಾಗ ಯಾವುದೆಂದು ಕೇಳುವುದೇ ಸರಿ ಎಂಬುದು ಈ ಬರಹದ ವಾದ. ಅದನ್ನು ಪರೀಕ್ಷಿಸಲು ಮಾರುತಿ ಜಿಪ್ಸಿಗಿಂತ ಒಳ್ಳೆಯ ಗಾಡಿ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಜಪಾನಿನ ಸುಜುಕಿ 1970ರಲ್ಲಿ ಎಲ್‌ಜೆ10 ಎಂಬ ಪುಟ್ಟ ಫೋರ್‌ವೀಲ್ ಡ್ರೈವ್ ಗಾಡಿಯನ್ನು ಹೊರತಂದಿತು. ಅದರ ಮುಂದಿನ ಪೀಳಿಗೆಯ ಉದ್ದನೆಯ ರೂಪವೇ 1985ರ ಡಿಸೆಂಬರಿನಲ್ಲಿ ಜಿಪ್ಸಿ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದದ್ದು. ಮೊದಲಿಗೆ 970 ಸಿಸಿಯ ಎಂಜಿನ್; 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿತು; 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್; 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂದು ಶಕ್ತಿ 60ರಿಂದ 80 ಅಶ್ವಶಕ್ತಿಗೆ ಏರಿತು. 2019ರ ಹೊತ್ತಿಗೆ ಸಾರ್ವಜನಿಕ ಮಾರಾಟ ನಿಂತಿತು. ಈ ಮೂರು ದಶಕಗಳಲ್ಲಿ ಗಾಡಿಯ ಅಸ್ಥಿಪಂಜರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು: ಏಣಿಯಂಥ ಚಾಸಿಸ್, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳು ಇದನ್ನು ನೆಚ್ಚಿಕೊಂಡದ್ದಕ್ಕೆ ಹಗುರ ಮೈಯೂ ಸುಮಾರು ಒಂದೂವರೆ ಮೀಟರಿನ ಕಿರಿದಾದ ಅಗಲವೂ ಅರ್ಧ ಕಾರಣ. ಉಳಿದರ್ಧ, ಯಾವ ಭಾಗವನ್ನಾದರೂ ಕಣ್ಣಿಂದ ನೋಡಬಹುದು, ಕೈಯಿಂದ ಅಲುಗಿಸಬಹುದು, ಸಾಮಾನ್ಯ ಸ್ಪ್ಯಾನರಿನಿಂದ ಬಿಚ್ಚಬಹುದು ಎಂಬುದು. ಬಂಡೀಪುರ, ನಾಗರಹೊಳೆಯ ಸಫಾರಿ ದಾರಿಗಳಲ್ಲಿ ಇದನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಕಾನೂನು ಈ ಗಾಡಿಯನ್ನು ಹೇಗೆ ನೋಡುತ್ತದೆ? ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ದೆಹಲಿ ರಾಜಧಾನಿ ವಲಯದಲ್ಲಂತೂ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ ಹಾಕಿದ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಉತ್ತರ ಪ್ರದೇಶದ ಕೆಲವು ಜಿಲ್ಲೆಗಳು ಆ ವಲಯಕ್ಕೆ ಸೇರಿದರೂ ವಾರಾಣಸಿ ಸೇರಿಲ್ಲ. ಆದ್ದರಿಂದ ಯುಪಿ 65 ಸಂಖ್ಯೆಯ ಹಳೆಯ ಜಿಪ್ಸಿ ಎಫ್‌ಸಿ ಪಾಸಾದರೆ ಓಡಬಹುದು. ಅದೇ ರಾಜ್ಯದ ನೊಯಿಡಾದಲ್ಲಿ ಅದರ ಜೋಡಿಗೆ ಆ ಅವಕಾಶ ಸಿಗುವುದು ಅನುಮಾನ. ಇನ್ನೊಂದು ಕಡೆ, 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿಗೆ ವಿಶೇಷ ಸ್ಥಾನ ಕೊಡುತ್ತದೆ. ಮೊಟ್ಟಮೊದಲ ಜಿಪ್ಸಿಗೆ ಆ ಭಾಗ್ಯ ಬರುವುದು 2035ರ ಕೊನೆಗೆ. 15ರಿಂದ 50ರ ನಡುವಿನ 35 ವರ್ಷ ಗಾಡಿ ಬರೀ ಹಳತು, ಆಮೇಲೆ ಒಮ್ಮೆಲೇ ಪರಂಪರೆ! ಈ ವಿಂಗಡಣೆಯಲ್ಲಿ ಗಾಡಿಯ ಕೆಳಗೆ ಬಗ್ಗಿ ನೋಡಿದವರ ಸುಳಿವಿಲ್ಲ.

ಬಗ್ಗಿ ನೋಡಿದರೆ ಕಾಣುವುದೇನು ಎಂಬುದು ಮುಖ್ಯ. ಜಿಪ್ಸಿಯ ಆಯುಸ್ಸನ್ನು ತೀರ್ಮಾನಿಸುವುದು ಎಂಜಿನ್ ಎಂದು ಬಹುಮಂದಿ ನಂಬುತ್ತಾರೆ, ಕೊಳ್ಳುವಾಗ ಬಾನೆಟ್ ಎತ್ತಿ ಸದ್ದು ಕೇಳಿ ತೃಪ್ತರಾಗುತ್ತಾರೆ. ನಿಜಕ್ಕೂ ಅದನ್ನು ತೀರ್ಮಾನಿಸುವುದು ತುಕ್ಕು. ಎಂಜಿನ್ ಬಿಚ್ಚಿ ಕಟ್ಟಬಹುದು, ಬೇರೆಯದನ್ನೇ ಕೂರಿಸಬಹುದು. ಚಾಸಿಸ್ ಹೋದರೆ ಗಾಡಿಯೇ ಹೋಯಿತು, ಏಕೆಂದರೆ ಆರ್‌ಸಿಯಲ್ಲಿರುವ ಸಂಖ್ಯೆ ಕೆತ್ತಿರುವುದು ಅದರ ಮೇಲೆ. ನೋಡಬೇಕಾದ ಜಾಗಗಳು ಹೆಚ್ಚಿಲ್ಲ: ಹಿಂದಿನ ಪಟ್ಟಿ ಸ್ಪ್ರಿಂಗನ್ನು ಚಾಸಿಸ್‌ಗೆ ಜೋಡಿಸುವ ಶಾಕಲ್ ಕೂರುವ ಕಡೆ, ಬಾಡಿ ಮತ್ತು ಚಾಸಿಸ್ ನಡುವೆ ರಬ್ಬರ್ ಇರುವ ಜಾಗ, ಹಿಂಚಕ್ರದ ಕಮಾನಿನ ಒಳಮೈ, ಮ್ಯಾಟಿನ ಅಡಿಯ ನೆಲದ ತಗಡು. ನೆಲದ ತಗಡು ಹೋಗಿದ್ದರೆ ಹೆದರಬೇಕಿಲ್ಲ. ವಾರಾಣಸಿಯ ಮಲ್ದಹಿಯಾ ಲೋಹಾಮಂಡಿಯಲ್ಲಿ ತಗಡು ಸಿಗುತ್ತದೆ, ಕೂರಿಸುವ ಟಿಂಕರಿಂಗ್ ಕೆಲಸದವರು ಯಾವ ಊರಿನಲ್ಲೂ ಇದ್ದಾರೆ. ಶಾಕಲ್ ಕೂರುವ ಕಡೆ ಚಾಸಿಸ್ ಮೆತ್ತಗಾಗಿದ್ದರೆ ಮಾತ್ರ ಅದು ಬೇರೆ ಮಾತು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಕಣಕಣ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಬದುಕಿದ ಗಾಡಿಗೂ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಗಂಗಾ ಬಯಲಿನಲ್ಲಿ ಬದುಕಿದ ಗಾಡಿಗೂ ಇಲ್ಲಿ ಬಹಳ ವ್ಯತ್ಯಾಸ. ಎರಡಕ್ಕೂ ಒಂದೇ ವಯಸ್ಸಿನ ಗೆರೆ ಎಳೆಯುವುದು ಈ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ.

ಹಾಗೆಂದು ಗಂಗಾ ಬಯಲು ಗಾಡಿಗೆ ಮೃದುವೇನಲ್ಲ. ಅಲ್ಲಿ ಉಪ್ಪಿನ ಬದಲು ಕೆಸರು. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರಿಗೆ ಏರಿತ್ತು, 2025ರ ಆಗಸ್ಟಿನಲ್ಲೂ ಅಪಾಯದ ಗೆರೆ ದಾಟಿತು. ಪ್ರವಾಹ ಬಂದಾಗ ಅಸ್ಸಿ, ವರುಣಾ ದಡದ ತಗ್ಗು ಬಡಾವಣೆಗಳ ಬೀದಿಗಳು ನೀರಿನಲ್ಲಿ ಮುಳುಗುತ್ತವೆ, ನೀರು ಇಳಿದ ಮೇಲೆ ಹಿಟ್ಟಿನಂಥ ನುಣುಪು ಮಣ್ಣು ಉಳಿಯುತ್ತದೆ. ಜಿಪ್ಸಿ ಅಂಥ ನೀರನ್ನು ದಾಟಬಲ್ಲದು ಎಂಬುದು ನಿಜ. ಆದರೆ ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಉಸಿರಾಡಲು ಇಟ್ಟ ಬ್ರೀದರ್ ಮಣ್ಣಿನಿಂದ ಕಟ್ಟಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ನೀರು ದಾಟಿದ ಗಾಡಿಯ ಎರಡೂ ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಎಣ್ಣೆಯನ್ನು ನೋಡಲೇಬೇಕು. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಆ ದಿನವೇ ಬಸಿದು ಹೊಸದು ಹಾಕಿದರೆ ಖರ್ಚು ಕೆಲವು ಲೀಟರ್ ಎಣ್ಣೆ; ಆರು ತಿಂಗಳು ಬಿಟ್ಟರೆ ಬೇರಿಂಗು, ಕ್ರೌನ್ ಗೇರು ಎರಡೂ ಹೋಗುತ್ತವೆ. ಹಿಂದಿನ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿ ಮಣ್ಣು ತೊಳೆಯುವುದೂ ಇದೇ ಪಟ್ಟಿಯಲ್ಲಿ ಬರಬೇಕು. ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸ್ ಪ್ರತ್ಯೇಕವಾಗಿರುವ ಈ ಗಾಡಿಯಲ್ಲಿ ಪ್ರಾಪೆಲ್ಲರ್ ಶಾಫ್ಟ್ ಒಟ್ಟು ಮೂರು. ಅವುಗಳ ಜಾಯಿಂಟುಗಳಿಗೆ ಗ್ರೀಸ್ ಗನ್ ಹಿಡಿಯುವ ಕೆಲಸ ಹತ್ತು ನಿಮಿಷದ್ದು. ಅದನ್ನು ಬಿಟ್ಟವರೇ ಮುಂದೆ ಗಾಡಿ ಹಳತಾಯಿತು ಎನ್ನುತ್ತಾರೆ.

ಕಾಯಿಲೆ ಕಂಡುಹಿಡಿಯುವುದಕ್ಕೂ ಅದನ್ನು ಮುಚ್ಚಿಡುವುದಕ್ಕೂ ಇರುವ ಅಂತರ ಜಿಪ್ಸಿಯ ಸ್ಟೀರಿಂಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಸ್ವಲ್ಪ ವೇಗ ಏರಿದೊಡನೆ ಮುಂಚಕ್ರಗಳು ಗಡಗಡ ನಡುಗಿ ಸ್ಟೀರಿಂಗ್ ಕೈಗೆ ಹೊಡೆಯುವ ದೂರು ಹಳೆಯ ಜಿಪ್ಸಿಗಳಲ್ಲಿ ಸಾಮಾನ್ಯ. ಚಕ್ರ ಬ್ಯಾಲೆನ್ಸ್ ಮಾಡಿಸುವುದು, ಸ್ಟೀರಿಂಗ್ ಡ್ಯಾಂಪರ್ ಹಾಕಿಸುವುದು ರೂಢಿಯ ಪರಿಹಾರ. ನಡುಕ ಕೆಲಕಾಲ ಅಡಗುತ್ತದೆ, ಮತ್ತೆ ಬರುತ್ತದೆ. ಮೂಲ ಬಹುತೇಕ ಕಿಂಗ್‌ಪಿನ್ ಬೇರಿಂಗಿನಲ್ಲಿರುತ್ತದೆ. ಮುಂಚಕ್ರ ತಿರುಗುವ ಗುಂಡನೆಯ ಹೌಸಿಂಗಿನ ಮೇಲೊಂದು ಕೆಳಗೊಂದು ಕೂತಿರುವ ಈ ಪುಟ್ಟ ಬೇರಿಂಗುಗಳನ್ನು ಹೊರಗಿನ ಸೀಲು ಕಾಯುತ್ತದೆ. ಸೀಲು ಹರಿದರೆ ನೀರು, ಮಣ್ಣು ಒಳಗೆ. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತದೆ. ಬ್ರೇಕ್ ಪೆಡಲ್ ಒತ್ತಿಸಿದಾಗಲೂ ಆ ಸಡಿಲ ಉಳಿದರೆ ಚಕ್ರದ ಬೇರಿಂಗಲ್ಲ, ಕಿಂಗ್‌ಪಿನ್ನೇ. ಹೊಸ ಬೇರಿಂಗ್ ಹಾಕಿ, ಶಿಮ್‌ಗಳಿಂದ ಬಿಗಿತ ಹೊಂದಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಆ ಬಿಗಿತವನ್ನು ಅಳೆಯಬೇಕೆಂದು ಸರ್ವಿಸ್ ಪುಸ್ತಕ ಹೇಳುತ್ತದೆ. ತಕ್ಕಡಿ ಹಿಡಿಯುವ ಗ್ಯಾರೇಜುಗಳು ವಿರಳ, ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ಅಪರಾಧಿ ಸ್ಥಾನದಲ್ಲಿ ನಿಲ್ಲುವುದು ಮಾತ್ರ ಗಾಡಿಯ ವಯಸ್ಸು.

ಎಂಜಿನ್ ತಂಪಿನ ವಿಚಾರವೂ ಇದೇ ಬಗೆಯದು. ವಾರಾಣಸಿಯ ಮೇ, ಜೂನ್ ತಿಂಗಳಲ್ಲಿ ತಾಪಮಾನ 45 ಡಿಗ್ರಿ ಮುಟ್ಟುವುದುಂಟು. ಗೋದೌಲಿಯಾದಂಥ ಕಿಕ್ಕಿರಿದ ಚೌಕದಲ್ಲಿ ಒಂದನೇ ಗೇರಿನಲ್ಲಿ ತೆವಳುವ ಗಾಡಿ ಬಿಸಿಯಾದರೆ ಮೆಕ್ಯಾನಿಕ್ ಮೊದಲು ಥರ್ಮೋಸ್ಟಾಟ್ ಕಿತ್ತೆಸೆಯುತ್ತಾನೆ. ಇದು ಕಾಶಿಯಿಂದ ಕೋಲಾರದವರೆಗೆ ನಡೆದುಬಂದ ಪದ್ಧತಿ. ಬೇಸಿಗೆಯಲ್ಲಿ ಅದರಿಂದ ಸ್ವಲ್ಪ ಸಮಾಧಾನ ಸಿಕ್ಕಿದಂತೆ ಕಾಣುತ್ತದೆ. ಚಳಿಗಾಲದಲ್ಲಿ ಎಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ. ಎಂಪಿಎಫ್‌ಐ ಗಾಡಿಯ ಕಂಪ್ಯೂಟರು ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಮೈಲೇಜ್ ಇಳಿಯುತ್ತದೆ. ನಿಜವಾದ ದೋಷ ಇರುವುದು ಸಾಮಾನ್ಯವಾಗಿ ಒಳಗೆ ಸುಣ್ಣ ಕಟ್ಟಿದ ರೇಡಿಯೇಟರಿನಲ್ಲಿ. ಗಡಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ತುಂಬಿದ ಫಲ ಅದು. 1300 ಸಿಸಿ ಎಂಜಿನ್ನಿನ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ ಆದ್ದರಿಂದ ಒಮ್ಮೆ ಜೋರಾಗಿ ಕಾದರೆ ಹೆಡ್ ಸೊಟ್ಟಗಾಗುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟ್, ಸ್ವಚ್ಛ ರೇಡಿಯೇಟರ್, ಸರಿಯಾದ ಥರ್ಮೋಸ್ಟಾಟ್ ಮೂರೂ ಇದ್ದರೆ ಹಳೆಯ ಎಂಜಿನ್ ಕಾಶಿಯ ಬೇಸಿಗೆಯನ್ನು ತಡೆದುಕೊಳ್ಳುತ್ತದೆ.

ಈಗ ಪೆಟ್ರೋಲೇ ಬದಲಾಗಿದೆ. ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಅದರಲ್ಲಿ ಶಕ್ತಿಯೂ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಇದನ್ನೇ ಮುಂದಿಟ್ಟು, ಹಳೆಯ ಗಾಡಿಯ ಕಾಲ ಮುಗಿಯಿತು, ಇಂಧನವೇ ಅದನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ. ಕೆಡುವುದು ಯಾವ ಯಾವ ವಸ್ತು ಎಂದು ಬಿಡಿಸಿ ನೋಡಿದರೆ ಆ ಭಯ ಕರಗುತ್ತದೆ: ಇಂಧನದ ಹೋಸುಗಳು, ಪಂಪಿನ ಡಯಾಫ್ರಾಂ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟು, ಫಿಲ್ಟರು. ಎಥನಾಲ್ ತಡೆಯುವ ಹೋಸ್ ಮಾರುಕಟ್ಟೆಯಲ್ಲಿದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಕಾರ್ಬ್ಯುರೇಟರ್ ಗಾಡಿ ಮುಕ್ಕರಿಸಿದರೆ ಜೆಟ್ಟನ್ನು ಸ್ವಲ್ಪ ದೊಡ್ಡದು ಮಾಡಿ, ಹೊಗೆ ಅಳೆದು ಹೊಂದಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿಯದಂತೆ ಬಸಿದಿಡಬೇಕು. ಇದಕ್ಕೆಲ್ಲ ಹಣ ಬೇಕು, ಆದರೆ ಆ ಹಣ ಗಾಡಿಯ ಬೆಲೆಯ ಒಂದು ಸಣ್ಣ ಪಾಲು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ, ಅದು ಗಾಳಿಯದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಪಟ್ಟಿಯಲ್ಲಿ ಅತಿ ಕೊಳಕು ಗಾಳಿಯ ನಗರಗಳ ಸಾಲಿನಲ್ಲಿ ಕಾನ್ಪುರ, ಫರೀದಾಬಾದ್ ನಂತರ ವಾರಾಣಸಿಯೇ ಇತ್ತು. ಅಂಥ ಊರಿನಲ್ಲಿ ಕಾರ್ಬ್ಯುರೇಟರ್ ಗಾಡಿಯ ಪರ ವಕಾಲತ್ತು ವಹಿಸುವುದು ಸರಿಯೇ? ಈ ಪ್ರಶ್ನೆಯನ್ನು ತೇಲಿಸಿಬಿಡಲಾಗದು. ನಮ್ಮ ಹೊಗೆ ತಪಾಸಣೆಯ ನಿಯಮದಲ್ಲಿ ಭಾರತ್ ಸ್ಟೇಜ್ (ಬಿಎಸ್) 2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3ರವರೆಗೆ, ಹೈಡ್ರೋಕಾರ್ಬನ್ 1500 ಪಿಪಿಎಂವರೆಗೆ ಇರಬಹುದು. ಬಿಎಸ್ 4 ಕಾರಿಗೆ ಇವೇ ಮಿತಿಗಳು ಶೇ 0.3 ಮತ್ತು 200 ಪಿಪಿಎಂ. ಅಂದರೆ ತಪಾಸಣೆ ಪಾಸಾದ ಹಳೆಯ ಜಿಪ್ಸಿಯೂ ಹೊಸ ಕಾರಿಗಿಂತ ಹಲವು ಪಟ್ಟು ಹೊಗೆ ಬಿಡಬಹುದು. ಇದನ್ನು ಒಪ್ಪಿಕೊಂಡೇ ಎರಡು ಮಾತು ಹೇಳಬೇಕು. 1990ರ ಕಾರ್ಬ್ಯುರೇಟರ್ ಜಿಪ್ಸಿಯೂ ಕೆಟಲಿಟಿಕ್ ಕನ್ವರ್ಟರ್ ಇರುವ ಬಿಎಸ್ 4 ಜಿಪ್ಸಿಯೂ ಹೊಗೆಯಲ್ಲಿ ಅಜಗಜಾಂತರ; ಆದರೆ 15 ವರ್ಷದ ಗೆರೆ ಎರಡನ್ನೂ ಒಂದೇ ಪೆಟ್ಟಿಗೆ ಹೊಡೆಯುತ್ತದೆ. ಜೊತೆಗೆ ಊರಿನ ಗಾಳಿಗೆ ಸೇರುವ ಹೊಗೆ ಕಿಲೋಮೀಟರಿಗೆ ಎಷ್ಟು ಎಂಬುದನ್ನಷ್ಟೇ ಅವಲಂಬಿಸಿಲ್ಲ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂಬುದನ್ನೂ ಅವಲಂಬಿಸಿದೆ. ಭಾನುವಾರ ಚಂದ್ರಪ್ರಭಾ ಅಭಯಾರಣ್ಯದ ಜಲಪಾತಗಳ ಕಡೆಗೆ ಹೋಗಿಬರುವ ಗಾಡಿಯನ್ನೂ ದಿನವಿಡೀ ಬಾಡಿಗೆಗೆ ಓಡುವ ಗಾಡಿಯನ್ನೂ ಒಂದೇ ತೂಕದಲ್ಲಿ ತೂಗಲಾಗದು. ಹೆಚ್ಚು ಓಡುವ ಕಾರ್ಬ್ಯುರೇಟರ್ ಗಾಡಿಗೆ ಪೇಟೆಯೊಳಗೆ ನಿರ್ಬಂಧ ಹಾಕಿದರೆ ಅದು ನ್ಯಾಯವೇ. ಆ ನಿರ್ಬಂಧ ಹೊಗೆಯ ಅಳತೆಗೆ ಅಂಟಿಕೊಂಡಿರಲಿ.

ಸುರಕ್ಷತೆಯ ಆಕ್ಷೇಪವೂ ಹಗುರವಲ್ಲ. ಜಿಪ್ಸಿಗೆ ಏರ್‌ಬ್ಯಾಗ್ ಇರಲಿಲ್ಲ. ಹೊಸ ಸುರಕ್ಷತಾ ನಿಯಮಗಳಿಗೂ ಬಿಎಸ್ 6ಕ್ಕೂ ಹೊಂದಿಸುವುದಕ್ಕಿಂತ ತಯಾರಿಕೆ ನಿಲ್ಲಿಸುವುದೇ ಕಂಪನಿಗೆ ಸುಲಭವಾಯಿತು. ಇದರ ಅಮೆರಿಕದ ರೂಪವಾದ ಸಮುರಾಯ್ ತಿರುವಿನಲ್ಲಿ ಮಗುಚಿಕೊಳ್ಳಬಹುದೆಂದು 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಬರೆಯಿತು. ಸುಜುಕಿ ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಎತ್ತರದ, ಕಿರಿದಾದ ಗಾಡಿಯನ್ನು ವೇಗದಲ್ಲಿ ತಿರುಗಿಸಬಾರದು ಎಂಬುದು ಭೌತಶಾಸ್ತ್ರ, ಯಾವ ರಿಪೇರಿಯೂ ಅದನ್ನು ಬದಲಿಸದು. ಬೇಸರದ ಸಂಗತಿಯೆಂದರೆ, ಜಿಪ್ಸಿಯನ್ನು ಪ್ರೀತಿಸುವವರೇ ಅದನ್ನು ಇನ್ನಷ್ಟು ಎತ್ತರಿಸಿ, ಟ್ರ್ಯಾಕ್ಟರಿನಂಥ ಟೈರು ಹಾಕಿ, ಬ್ರೇಕನ್ನು ಹಾಗೆಯೇ ಬಿಡುತ್ತಾರೆ. ದೊಡ್ಡ ಟೈರಿನಿಂದ ನಿಲ್ಲುವ ದೂರ ಹೆಚ್ಚುತ್ತದೆ, ಕಿಂಗ್‌ಪಿನ್ ಬೇರಿಂಗು ಬೇಗ ಸವೆಯುತ್ತದೆ, ಮಗುಚುವ ಅಪಾಯ ಏರುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುರಸ್ತಿಯ ಪರ ಮಾತಾಡುವವರು ಈ ಶೋಕಿಯಿಂದ ದೂರ ನಿಲ್ಲಬೇಕು. ಮೂಲ ಅಳತೆಯ ಟೈರು, ಹೊಸ ಬ್ರೇಕ್ ಹೋಸು, ಗಟ್ಟಿ ಸೀಟ್ ಬೆಲ್ಟು, ಹೆದ್ದಾರಿಯಲ್ಲಿ ಸಂಯಮದ ವೇಗ: ಹಳೆಯ ಗಾಡಿ ಕೊಡಬಲ್ಲ ಸುರಕ್ಷತೆ ಇಷ್ಟು. ಇಷ್ಟು ಸಾಲದು ಎನ್ನುವ ಕುಟುಂಬ ದಿನದ ಓಡಾಟಕ್ಕೆ ಹೊಸ ಕಾರು ಕೊಳ್ಳುವುದೇ ಸರಿ.

ಮೂಗಿಗಿಂತ ಮೂಗುತಿ ಭಾರವಾದೀತು ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ವಾರಾಣಸಿಯಲ್ಲೇ ಒಂದು ಸಾಕ್ಷ್ಯವಿದೆ, ಅದು ದುರಸ್ತಿಯ ಪರವಾಗಿ ಪೂರ್ತಿ ನಿಲ್ಲುವುದಿಲ್ಲ. ಈಗ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎನಿಸಿಕೊಂಡಿರುವ ಅಲ್ಲಿನ ರೈಲ್ವೆ ಕಾರ್ಖಾನೆ 2,600 ಅಶ್ವಶಕ್ತಿಯ ಎರಡು ಹಳೆಯ ಡೀಸೆಲ್ ಎಂಜಿನ್‌ಗಳನ್ನು ಬದಲಿಸಿ 10,000 ಅಶ್ವಶಕ್ತಿಯ ವಿದ್ಯುತ್ ಜೋಡಿ ಮಾಡಿತು. 2019ರ ಫೆಬ್ರುವರಿಯಲ್ಲಿ ಪ್ರಧಾನಿ ಅದಕ್ಕೆ ಹಸಿರು ನಿಶಾನೆ ತೋರಿದರು. ಕೌಶಲದ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಆದರೂ ಕಾರ್ಖಾನೆಯ ಮುಖ್ಯ ಕೆಲಸವಾಗಿ ಉಳಿದದ್ದು ಹೊಸ ವಿದ್ಯುತ್ ಎಂಜಿನ್‌ಗಳ ತಯಾರಿಕೆಯೇ. ಸೇನೆ ಕೂಡ 2023ರಲ್ಲಿ ವಿದ್ಯುತ್ ಮೋಟಾರು ಕೂರಿಸಿದ ಜಿಪ್ಸಿಯನ್ನು ಪ್ರದರ್ಶಿಸಿತು. ಒಮ್ಮೆ ಚಾರ್ಜ್ ಮಾಡಿದರೆ 120 ಕಿಲೋಮೀಟರ್ ಎಂದು ಹೇಳಲಾಯಿತು. ಹಳೆಯದರ ಹೃದಯವನ್ನೇ ಬದಲಿಸುವ ಇಂಥ ಶಸ್ತ್ರಚಿಕಿತ್ಸೆ ಎಲ್ಲರಿಗೂ ಎಟುಕುವುದಲ್ಲ. ದಿನನಿತ್ಯದ ರಿಪೇರಿಯ ಲೆಕ್ಕ ಬೇರೆ. ಎಸ್ಟೀಮ್, ಮೊದಲ ಸ್ವಿಫ್ಟ್ ಕಾರುಗಳ ಎಂಜಿನ್ ಕೂಡ ಇದೇ 1300 ಸಿಸಿ ಕುಟುಂಬದ್ದಾದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ದೆಹಲಿಯ ಕಾಶ್ಮೀರಿ ಗೇಟಿನಲ್ಲೋ ಹುಡುಕಿದರೆ ಬೇರಿಂಗು, ಸೀಲು, ಬುಷ್, ಪಟ್ಟಿ ಸಿಗುತ್ತವೆ. ಹಣ ಪೋಲಾಗುವುದು ಕ್ರಮ ತಪ್ಪಿದಾಗ: ಮೊದಲು ಪೇಂಟು, ಸೀಟು, ದೀಪ, ಕೊನೆಗೆ ಬ್ರೇಕು. ಈ ಕ್ರಮವನ್ನು ತಿರುಗಿಸಬೇಕು. ಚಾಸಿಸ್, ಬ್ರೇಕ್, ಸ್ಟೀರಿಂಗ್ ಮೊದಲು, ಕೂಲಿಂಗ್ ಮತ್ತು ಇಂಧನದ ಕೊಳವೆಗಳು ಆಮೇಲೆ, ಸೀಲು, ಎಣ್ಣೆ, ಗ್ರೀಸ್ ಮೂರನೆಯದು, ಬಣ್ಣ ಕಟ್ಟಕಡೆಗೆ.

ಹಾಗಾದರೆ ಯಾವಾಗ ಕೈ ಬಿಡಬೇಕು? ಶಾಕಲ್ ಕೂರುವ ಕಡೆ ಚಾಸಿಸ್ ತಿಂದುಹೋಗಿದ್ದರೆ, ಬಿರುಕು ಬಿಟ್ಟು ಹಲವು ಕಡೆ ವೆಲ್ಡಿಂಗ್ ಬಿದ್ದಿದ್ದರೆ, ಅಪಘಾತದಲ್ಲಿ ಅಳತೆ ಕೆಟ್ಟಿದ್ದರೆ ಗಾಡಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯುವುದೇ ಲೇಸು. ಆ ಪತ್ರವಿದ್ದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿಗೆ ಅವಕಾಶವಿದೆ. ಹೀಗೆ ಚಾಸಿಸ್ ಕೆಟ್ಟ ಗಾಡಿಗೆ ಹತ್ತೇ ವರ್ಷವಾಗಿದ್ದರೂ ಇದೇ ಮಾತು. ಉಳಿದ ಗಾಡಿಗಳಿಗೆ ಸಾರಿಗೆ ಇಲಾಖೆ ಮಾಡಬೇಕಾದದ್ದು, ಬರೀ ಶುಲ್ಕ ಏರಿಸುವ ಬದಲು ತಪಾಸಣೆಯನ್ನು ಗಟ್ಟಿಗೊಳಿಸುವುದು. 2021ರ ನಿಯಮಗಳು ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ದಾರಿ ಮಾಡಿವೆ. ಖಾಸಗಿ ಹಳೆಯ ಗಾಡಿಯೂ ಅಲ್ಲಿ ಬ್ರೇಕ್ ರೋಲರಿನ ಮೇಲೆ ನಿಲ್ಲಲಿ, ಹೊಗೆ ಅಳೆಸಿಕೊಳ್ಳಲಿ, ಗುಂಡಿಯೊಳಗೆ ಇಳಿದ ಇನ್‌ಸ್ಪೆಕ್ಟರ್ ಚಾಸಿಸನ್ನು ತಟ್ಟಿ ನೋಡಲಿ. ಕಾರ್ಬ್ಯುರೇಟರ್ ಗಾಡಿಗಳ ಹೊಗೆಯ ಮಿತಿಯನ್ನು ಈಗಿನ ಶೇ 3ಕ್ಕಿಂತ ಬಿಗಿ ಮಾಡಿದರೂ ಆಗಬಹುದು; ಚೆನ್ನಾಗಿ ಟ್ಯೂನ್ ಮಾಡಿದ ಎಂಜಿನ್ ಅದನ್ನು ತಲುಪಬಲ್ಲದು, ತಲುಪದ್ದು ನಿಲ್ಲಲಿ. ಪಾಸಾದ ಗಾಡಿಗೆ ನವೀಕರಣ ಶುಲ್ಕ ಇಳಿಸಿದರೆ ಮಾಲೀಕರು ದಲ್ಲಾಳಿಗೆ ಕೊಡುವ ಹಣವನ್ನು ಗ್ಯಾರೇಜಿಗೆ ಕೊಡುತ್ತಾರೆ. ಮಾಲೀಕರ ಪಾಲಿನ ಕೆಲಸವೂ ಇದೆ: ಪ್ರತಿ ಸಲ ಬದಲಿಸಿದ ಎಣ್ಣೆ, ಬೇರಿಂಗು, ಹೋಸಿನ ಬಿಲ್ಲುಗಳನ್ನೂ ಹೊಗೆಯ ಅಳತೆಗಳನ್ನೂ ದಿನಾಂಕ ಸಮೇತ ಒಂದು ಕಡತದಲ್ಲಿ ಇಟ್ಟುಕೊಂಡು ನವೀಕರಣದ ದಿನ ಅದನ್ನು ಮೇಜಿನ ಮೇಲೆ ಇಡುವುದು. ಗಾಡಿಯ ವಯಸ್ಸು ಕೇಳುವ ಅಧಿಕಾರಿಗೆ ಅದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ವಕೀಲನೂ ಕೊಡಲಾರ.